ಒಂದೂವರೆ ಗಂಟೆಯ ಮಲೇಷ್ಯಾ

ತಮಿಳುನಾಡಿನ ಸೇಲಂ ಬಳಿಯ ಓಮಲೂರು ಬಸ್ ನಿಲ್ದಾಣದಲ್ಲಿ ಒಂದು ಗಡಿಯಾರವಿದೆ. ಅದು ಕೆಟ್ಟು ಎಷ್ಟು ಕಾಲವಾಯಿತೆಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ಅದರತ್ತ ನೋಡುವುದಿಲ್ಲ. ಹೊತ್ತು ತಿಳಿಯಬೇಕಾದವರು ನಮ್ಮ ಯಜಮಾನರನ್ನು ಕೇಳುತ್ತಾರೆ.

ಯಜಮಾನರ ಹೆಸರು ಗೋವಿಂದರಾಜ್. ಖಾಸಗಿ ಬಸ್ ಮಾಲೀಕರು ಕೂಡಿ ನಡೆಸುವ ಟೈಮ್ ಆಫೀಸಿನಲ್ಲಿ ಅವರು ಟೈಮ್ ಕೀಪರ್. ಆಫೀಸು ಎಂದರೆ ಒಂದು ಮೇಜು, ಒಂದು ದೊಡ್ಡ ಛತ್ರಿ, ಒಂದು ಸೀಟಿ. ಬಸ್ಸೊಂದು ತನ್ನ ಪಾಲಿನ ಹೊತ್ತು ಮೀರಿ ಅರೆ ನಿಮಿಷ ನಿಂತರೂ ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ಮುಂದಿನ ಬಸ್ಸಿನ ಡ್ರೈವರನ ಕೊರಳಪಟ್ಟಿ ಹಿಡಿಯುವ ಊರು ನಮ್ಮದು. ಅಂಥ ಕಡೆ ಇಷ್ಟು ವರ್ಷ ರಕ್ತ ಹರಿಯದಂತೆ ನೋಡಿಕೊಂಡವರು ಇವರು. ಹಾಗಾಗಿ, ಸೂರ್ಯನೂ ತಮ್ಮ ಸೀಟಿ ಕೇಳಿಯೇ ಹೊರಡುತ್ತಾನೆಂಬ ನಂಬಿಕೆ ಅವರಲ್ಲಿ ಮೆಲ್ಲಗೆ ಬೆಳೆದಿತ್ತು. ನಾನು ಅದಕ್ಕೆ ಅಡ್ಡಿ ಬಂದವಳಲ್ಲ. ಸಾರು ಎಷ್ಟು ಹೊತ್ತು ಕುದಿಯಬೇಕು ಎಂಬುದೊಂದನ್ನು ನಾನೇ ನೋಡಿಕೊಳ್ಳುತ್ತಿದ್ದೆ, ಉಳಿದ ಹೊತ್ತೆಲ್ಲ ಅವರದು.

ನಮ್ಮ ಮಗಳು ವಾಣಿಗೆ ಹನ್ನೊಂದನೆಯ ತಿಂಗಳು ನಡೆಯುವಾಗ ಕಿವಿ ಚುಚ್ಚುವ ಕಾರ್ಯ ನಿಶ್ಚಯವಾಯಿತು. ಕೊಳತ್ತೂರಿನ ಬಳಿ ಇರುವ ನಮ್ಮ ಮನೆದೇವರ ಗುಡಿಯಲ್ಲಿ, ಒಂದು ಭಾನುವಾರ. ಕಿವಿ ಚುಚ್ಚಲು ಆಸಾರಿ, ಅಂದರೆ ಅಕ್ಕಸಾಲಿಗ ಬೇಕು, ಬಂಗಾರದ ತಂತಿ ಬೇಕು; ಅವೆಲ್ಲ ಎಲ್ಲಾದರೂ ಸಿಗುತ್ತವೆ. ಮುಖ್ಯವಾಗಿ ಬೇಕಾದ್ದು ತಾಯಿಮಾಮನ ಮಡಿಲು. ತಾಯಿಯ ಅಣ್ಣನೋ ತಮ್ಮನೋ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ಮೇಲೆಯೇ ಸೂಜಿ ಕಿವಿ ಮುಟ್ಟಬೇಕು. ಆ ದಿನ ಮಡಿಲು ಕೊಟ್ಟವನೇ ಮುಂದೆ ಅವಳು ದೊಡ್ಡವಳಾದಾಗ ಮೊದಲ ಸೀರೆ ತರುವವನು, ಮದುವೆಯಲ್ಲಿ ಮೊದಲ ಹಾರ ಹಾಕುವವನು. ಒಮ್ಮೆ ಕೂತವನ ಹಕ್ಕು ಆಮೇಲೆ ಬದಲಾಗುವುದಿಲ್ಲ.

ನನ್ನ ಒಡಹುಟ್ಟಿದವನು ಒಬ್ಬನೇ, ತಮ್ಮ ಅಶ್ವತ್ಥ್. ಅವನು ಮಲೇಷ್ಯಾದಲ್ಲಿ, ಕ್ವಾಲಾಲಂಪುರದ ಒಂದು ಹೋಟೆಲಿನಲ್ಲಿ ಪರೋಟ ಮಾಸ್ಟರ್. ವಾಣಿ ಹುಟ್ಟುವ ಮೊದಲೇ ಹೋದವನು. ಈ ಕಾರ್ಯಕ್ಕೆಂದೇ ಹೋಟೆಲಿನವರ ಹಿಂದೆ ಬಿದ್ದು ನಾಲ್ಕು ದಿನದ ರಜೆ ಪಡೆದ. ಟಿಕೆಟ್ ತೆಗೆದು ಅದರ ಚಿತ್ರವನ್ನು ನಮ್ಮ ಫೋನಿಗೆ ಕಳಿಸಿದ. ಎಲ್ಲ ಶುರುವಾದದ್ದು ಆ ಚಿತ್ರದಿಂದ.

"ಮುನಿಲಕ್ಷ್ಮಿ, ಇಲ್ ಬಾ, ನೋಡು" ಎಂದು ಯಜಮಾನರು ಕೂಗಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. "ಕ್ವಾಲಾಲಂಪುರ ಬಿಡೋದು ಬೆಳಗ್ಗೆ ಏಳು. ಬೆಂಗಳೂರು ಸೇರೋದು ಎಂಟೂವರೆ. ಒಂದೂವರೆ ಗಂಟೆ ಕಣೇ! ನಮ್ಮ ಬಸ್ಸು ಇಲ್ಲಿಂದ ಧರ್ಮಪುರಿಗೆ ಓಗೋಕೂ ಅಷ್ಟೇ ಆಗೋದು!"

ನನ್ನ ತಾಯಿ ರಾಮಕ್ಕ ಮಗುವನ್ನು ನೋಡಿಕೊಳ್ಳಲು ಬಂದು ನಮ್ಮ ಮನೆಯಲ್ಲೇ ಇದ್ದಳು. ಅವಳು ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು. "ಅಷ್ಟು ಅತ್ರಾನಾ ಮಲೇಷ್ಯಾ? ಅಂಗಿದ್ರೆ ವಾರವಾರ ಬರಬೋದಾಗಿತ್ತಲ್ಲ! ದೂರ ದೂರ ಅಂತ ಎಂಗೆ ಅಳ್ತಿದ್ದ ನೋಡು, ಕಳ್ಳ."

ಪಕ್ಕದ ಮನೆಯ ಪೂಂಗೊಡಿ ಸರ್ಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಮೊಸರಿಗೆ ಹೆಪ್ಪು ಕೇಳಲು ಬಂದವಳು ಈ ಮಾತು ಕೇಳಿ ಫೋನ್ ತೆಗೆದು ನೋಡಿದಳು.

"ಅಣ್ಣಾ, ಒಂದೂವರೆ ಇಲ್ಲ. ದೂರ ಎರಡು ಸಾವಿರದ ಒಂಬೈನೂರು ಕಿಲೋಮೀಟರ್ ಹತ್ರ ಐತೆ. ನಾಲ್ಕು ಗಂಟೆ ಆಗ್ತದೆ ಅಂತ ಇಲ್ಲಿ ಪೋಟ್ಟಿರುಕ್ಕು, ಪಾರುಂಗ. ಹಾಕವ್ರೆ, ನೋಡಿ."

ಯಜಮಾನರು ಆ ಫೋನನ್ನು, ತಡವಾಗಿ ಬಂದ ಬಸ್ಸನ್ನು ನೋಡುವಂತೆ ನೋಡಿದರು. "ಅದು ಸ್ಟಾಪಿಂಗ್ ಗಾಡಿ, ಪೂಂಗೊಡಿ. ನಮ್ಮುಡ್ಗ ಬರೋದು ಒನ್ ಟು ಒನ್, ನಡುವೆ ಎಲ್ಲೂ ನಿಲ್ಸಲ್ಲ."

"ವಿಮಾನಕ್ಕೆ ಎಲ್ಲಿ ಅಣ್ಣಾ ಸ್ಟಾಪಿಂಗು?"

"ಟೀಗೆ ನಿಲ್ಲಿಸ್ತಾರೆ."

ಎಷ್ಟು ನಿಶ್ಚಿಂತೆಯಿಂದ ಹೇಳಿದರೆಂದರೆ ಪೂಂಗೊಡಿ ಅನುಮಾನಪಟ್ಟು ಇನ್ನೊಮ್ಮೆ ಫೋನ್ ನೋಡಿಕೊಂಡಳು. "ಅದಲ್ಲ ಅಣ್ಣಾ, ಅಲ್ಲಿ ಟೈಮೇ ಬೇರೆ. ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಏಳು ಅಂದ್ರೆ ಇಲ್ಲಿ ಬೆಳಗಿನ ಜಾವ ನಾಲ್ಕೂವರೆ."

ಟೈಮ್ ಕೀಪರ್ ಒಬ್ಬರಿಗೆ, ಅವರದೇ ಜಗಲಿಯಲ್ಲಿ, ಬೇರೆ ಟೈಮೂ ಇದೆಯೆಂದು ಹೇಳುವುದು ಸಣ್ಣ ಮಾತಲ್ಲ. ಅವರು ನೀರು ಕೇಳಿದರು. ಕುಡಿದರು. ಮೀಸೆ ಒರೆಸಿಕೊಂಡರು.

"ಗೊತ್ತು. ನೀನು ಯೋಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ."

ಪೂಂಗೊಡಿ ಹೆಪ್ಪು ತೆಗೆದುಕೊಂಡು ಹೋದಳು. ಇನ್ನು ಒಂದು ಲೋಟ ಕಾಫಿಯಷ್ಟು ಹೊತ್ತು ಕೂತಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಆದರೆ ಆ ದಿನ ಹಾಲು ಒಡೆದಿತ್ತು.

ಅವಳು ಹೋದ ಮೇಲೆ ಯಜಮಾನರು ಲೆಕ್ಕಕ್ಕೆ ಕೂತರು. "ಅಲ್ಲಿ ಏಳು ಅಂದ್ರೆ ಇಲ್ಲಿ ನಾಲ್ಕೂವರೆ. ಎರಡೂವರೆ ಕಳೆದ್ವಿ. ಸರಿ. ಸೇರೋದು ಎಂಟೂವರೆ ಅಂತ ಟಿಕೆಟ್ ಐತೆ. ಟಿಕೆಟ್ ಯಾವೂರ್ದು? ಮಲೇಷ್ಯಾದ್ದು. ಅದ್ರಲ್ಲೂ ಎರಡೂವರೆ ಕಳೀಬೇಕು. ಆರು ಗಂಟೆ. ನಾಲ್ಕೂವರೆಗೆ ಬಿಟ್ಟು ಆರಕ್ಕೆ ಬೆಂಗಳೂರು. ಎಷ್ಟಾಯ್ತು? ಒಂದೂವರೆ! ತಾಳೆ ಬಿತ್ತಾ ಇಲ್ವಾ?"

ನಾನೂ ಬೆರಳು ಮಡಚಿ ಎಣಿಸಿದೆ. ತಾಳೆ ಬಿತ್ತು. ತಾಳೆ ಬಿದ್ದ ಲೆಕ್ಕಕ್ಕಿಂತ ಅಪಾಯದ್ದು ಇನ್ನೊಂದಿಲ್ಲ ಎಂದು ಆಗ ನನಗೆ ತಿಳಿದಿರಲಿಲ್ಲ.

ಅಮ್ಮ ಮಾತ್ರ ಒಪ್ಪಲಿಲ್ಲ. "ಅಲ್ಲಯ್ಯಾ, ಅಲ್ಲಿ ಬಿಡೋದು ಏಳಕ್ಕೆ, ಇಲ್ಲಿ ಇಳಿಯೋದು ಆರಕ್ಕೆ. ಬಿಡೋಕ್ ಮುಂಚೆ ಬಂದುಬುಡ್ತಾನಾ ನನ್ ಮಗ?"

"ಒಂದ್ ಲೆಕ್ಕದಲ್ಲಿ ಅಂಗೇ ಅತ್ತೆ."

"ಬಂದಾದ ಮೇಲೆ ಅಲ್ಲಿಂದ ಬಿಡೋದ್ಯಾಕೆ ಮತ್ತೆ? ಇಲ್ಲೇ ಇದ್ಬುಡ್ಲಿ."

ಆರಕ್ಕೆ ಬೆಂಗಳೂರು, ಆರೂವರೆಗೆ ಹೊರಗೆ, ಅಲ್ಲಿಂದ ಕಾರಿನಲ್ಲಿ ಐದು ಗಂಟೆ. ಹನ್ನೊಂದೂವರೆಗೆ ಗುಡಿಯ ಬಾಗಿಲು. ಮಾವನವರಾದ ಮುನಿಕೃಷ್ಣಪ್ಪನವರು ಪಂಚಾಂಗ ನೋಡಿಸಿ ಹತ್ತೂವರೆಯಿಂದ ಹನ್ನೆರಡರವರೆಗೆ ಒಳ್ಳೆಯ ಹೊತ್ತು ಎಂದು ಕರೆಯೋಲೆ ಅಚ್ಚು ಹಾಕಿಸಿದರು. ಅಶ್ವತ್ಥ್ ಫೋನ್ ಮಾಡಿದಾಗ ಅವನಿಗೂ ತಿಳಿಸಲಾಯಿತು.

"ಬಾವ, ನಾನು ಇಳಿಯೋದೇ ಎಂಟೂವರೆ..." ಎಂದ ಅವನು.

"ಗೊತ್ತು ಕಣಪ್ಪಾ, ಟಿಕೆಟ್ ನೋಡಿವ್ನಿ."

"ಅಲ್ಲ ಬಾವ, ಎಂಟೂವರೆಗೆ ಇಳ್ದು ಎಂಗೆ..."

"ಅಶ್ವತ್ಥು, ಪರೋಟ ಎಂಗೆ ಬೀಸೋದು ಅಂತ ನಾನು ನಿಂಗೆ ಹೇಳಿದ್ದೀನಾ? ಟೈಮ್ ವಿಷ್ಯ ನಂಗೆ ಬಿಡು. ನೀನು ವಿಮಾನ ಅತ್ತು, ಸಾಕು."

ಟೈಮ್ ಕೀಪರ್ ಬಾವನ ಮೇಲೆ ನನ್ನ ತಮ್ಮನಿಗೆ ಮೊದಲಿನಿಂದಲೂ ಅಪಾರ ಗೌರವ. "ಸರಿ ಬಾವ, ನೀವು ಹೇಳಿದ್ರೆ ಆಯ್ತು" ಎಂದು ಇಟ್ಟುಬಿಟ್ಟ.

ಮನೆಯೊಳಗೆ ಮುಗಿಯಬೇಕಾಗಿದ್ದ ಈ ಲೆಕ್ಕ ಮರುದಿನ ಬಸ್ ನಿಲ್ದಾಣಕ್ಕೆ ಹೋಯಿತು. ಅಲ್ಲಿ ಬಾಡಿಗೆ ಕಾರಿನ ಕಾಳಿಯಪ್ಪನ್ ಒಂದು ಪ್ರಶ್ನೆ ಎತ್ತಿದ. ಅಶ್ವತ್ಥನನ್ನು ಕರೆತರಲು ಗೊತ್ತು ಮಾಡಿದ್ದು ಅವನನ್ನೇ.

"ಅಣ್ಣೇ, ಓದ ಸಲ ಅಶ್ವತ್ಥ್‌ನ ಬಿಡೋಕೆ ನಾನೇ ಓಗಿದ್ದು. ಆವಾಗ ಟಿಕೆಟ್ಟಲ್ಲಿ ಹನ್ನೊಂದೂವರೆಗೆ ಬಿಟ್ಟು ಸಾಯಂಕಾಲ ಆರಕ್ಕೆ ಸೇರೋದು ಅಂತಿತ್ತು. ಆರೂವರೆ ಗಂಟೆ. ಓಗೋಕೆ ಆರೂವರೆ, ಬರೋಕೆ ಒಂದೂವರೆನಾ?"

ಯಜಮಾನರು ಸೀಟಿಯನ್ನು ಬಾಯಿಂದ ತೆಗೆದರು. "ತೊಪ್ಪೂರು ಘಾಟಲ್ಲಿ ನೀನು ಧರ್ಮಪುರಿ ಕಡೆಗೆ ಅತ್ತೋಕೆ ಎಷ್ಟೊತ್ತು, ಸೇಲಂ ಕಡೆಗೆ ಇಳಿಯೋಕೆ ಎಷ್ಟೊತ್ತು?"

"ಅದು ಏರು ಅಣ್ಣೇ."

"ಇದೂ ಏರೇ."

"ಆಕಾಶದಲ್ಲಿ ಏನು ಏರು?"

"ಬೆಳಗಾದ್ರೆ ಬಿಸಿಲು ಮೊದ್ಲು ಎಲ್ಲಿ ಬೀಳ್ತದೆ? ಬೆಟ್ಟದ ತುದೀಗೆ. ಮಲೇಷ್ಯಾಕ್ಕೆ ನಮಗಿಂತ ಎರಡೂವರೆ ಗಂಟೆ ಮೊದ್ಲೇ ಬೆಳಗಾಗ್ತದೆ. ಅಂದ್ಮೇಲೆ ಅದು ಎಲ್ಲೈತೆ? ಮೇಲೆ. ಅಲ್ಲಿಂದ ಇಲ್ಲಿಗೆ ಇಳಿಜಾರು. ಡ್ರೈವರ್ ಬ್ರೇಕ್ ಮೇಲೆ ಕಾಲಿಟ್ಕೊಂಡ್ ಕೂತ್ರೆ ಸಾಕು."

ಕಾಳಿಯಪ್ಪನ್ ಇಪ್ಪತ್ತು ವರ್ಷ ತೊಪ್ಪೂರು ಘಾಟಿನಲ್ಲಿ ಗಾಡಿ ಓಡಿಸಿದವನು. ಇಷ್ಟು ಸ್ಪಷ್ಟವಾಗಿ ಅವನಿಗೆ ಯಾರೂ ಜಗತ್ತನ್ನು ವಿವರಿಸಿರಲಿಲ್ಲ. "ಅಪ್ಪಡಿಯಾ! ಅಂಗಾ!" ಎಂದು ಬಾಯಿ ತೆರೆದು ನಿಂತ.

ಕೆಟ್ಟದ್ದೇನೆಂದರೆ, ಈ ಸಿದ್ಧಾಂತ ಫಲ ಕೊಡತೊಡಗಿತು. ತಾರಮಂಗಲದ ಒಬ್ಬಾತ ಅಳಿಯನನ್ನು ದುಬೈಗೆ ಕಳಿಸುವವನಿದ್ದ. ವಿಷಯ ಕೇಳಿ ಹುಡುಕಿಕೊಂಡು ಬಂದ. "ದುಬೈ ಪಡುವಣಕ್ಕೆ ಐತೆ. ನಮಗೆ ಬೆಳಗಾದ್ಮೇಲೆ ಅಲ್ಲಿ ಬೆಳಗು. ಅಂದ್ರೆ ಅದು ಕೆಳಗೆ. ಓಗೋಕೆ ಜಲ್ದಿ, ಬರೋಕೆ ಏರು" ಎಂದು ಇವರು ತೀರ್ಪು ಕೊಟ್ಟರು. ಆತ ಹೋಗಿ ಬರುವ ಎರಡೂ ಟಿಕೆಟ್ ತೆಗೆದು ನೋಡಿದರೆ ಗಂಟೆಗಳು ಹಾಗೆಯೇ ಅಚ್ಚಾಗಿದ್ದವು! ಮರುದಿನ ಅರ್ಧ ಬುಟ್ಟಿ ಮಾವಿನಹಣ್ಣು ನಮ್ಮ ಮನೆಗೆ ಬಂತು. ಆಮೇಲೆ ಯಜಮಾನರನ್ನು ಯಾರೂ ಹಿಡಿಯುವಂತಿರಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಅವರು ಗುಡಿಯ ಮುಂದೆ ಕಟ್ಟಲು ಒಂದು ಫ್ಲೆಕ್ಸ್ ಬ್ಯಾನರ್ ಮಾಡಿಸಿದರು. ಹಂದರದಷ್ಟು ಅಗಲ. ಒಂದು ಮೂಲೆಯಲ್ಲಿ ವಾಣಿ, ಇನ್ನೊಂದು ಮೂಲೆಯಲ್ಲಿ ಕಪ್ಪು ಕನ್ನಡಕದ ಅಶ್ವತ್ಥ್, ನಡುವೆ ಮೂತಿ ಕೆಳಗೆ ಮಾಡಿ ಇಳಿಜಾರಿನಲ್ಲಿ ಬರುತ್ತಿರುವ ವಿಮಾನ. ಕೆಳಗೆ ತಮಿಳಿನಲ್ಲಿ, ಮಲೇಷ್ಯಾದಿಂದ ಒಂದೂವರೆ ಗಂಟೆಯಲ್ಲಿ ಹಾರಿ ಬರುವ ತಾಯಿಮಾಮನಿಗೆ ಸ್ವಾಗತ ಎಂದು ಬರೆದಿತ್ತು.

ಬ್ಯಾನರಿನ ಚಿತ್ರ ನೆಂಟರ ಫೋನುಗಳಲ್ಲಿ ಓಡಾಡಿ ಧರ್ಮಪುರಿಯ ಪುಟ್ಟಪ್ಪಣ್ಣನಿಗೂ ತಲುಪಿತು. ಪುಟ್ಟಪ್ಪಣ್ಣ ನನ್ನ ಚಿಕ್ಕಪ್ಪನ ಮಗ. ಯಾವ ಕಾರ್ಯವಾದರೂ ಹೂವಿನವನಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂರುವವನು. ಒಡಹುಟ್ಟಿದವನು ಇಲ್ಲದಿದ್ದರೆ ಮಡಿಲು ಕೊಡುವ ಹಕ್ಕು ಅವನದೇ. ಅದನ್ನು ಅವನು ಯಾವತ್ತೂ ಮರೆತವನಲ್ಲ.

"ತಂಗ್ಯಮ್ಮ, ವಿಮಾನಾನ ಏನ್ ನಂಬ್ತೀಯ?" ಎಂದ ಫೋನಿನಲ್ಲಿ. "ಮೋಡ ಬಂದ್ರೆ ನಿಲ್ಲಿಸ್ತಾರೆ, ಅಕ್ಕಿಪಕ್ಕಿ ಅಡ್ಡ ಬಂದ್ರೂ ನಿಲ್ಲಿಸ್ತಾರೆ. ನಾನು ರೇಷ್ಮೆ ಪಂಚೆ ಇಸ್ತ್ರಿ ಮಾಡ್ಸಿ ಮಡಗಿರ್ತೀನಿ. ಸುಮ್ಕೆ. ಒಂದ್ ಜೊತೆ ಓಲೇನೂ ಜೇಬಲ್ಲಿ ಇರ್ತದೆ. ಸುಮ್ಕೆ."

"ಅಶ್ವತ್ಥ್ ಬತ್ತಾನೆ ಅಣ್ಣಾ" ಎಂದೆ.

"ಬರ್ಲಿ, ಬರ್ಲಿ. ನಾನೇನ್ ಬ್ಯಾಡ ಅಂದ್ನಾ?"

ಭಾನುವಾರ ಬೆಳಗ್ಗೆ ಪಾತ್ರೆ ಪಗಡ, ಬಾಳೆ ಎಲೆ, ನೆಂಟರು ಎಲ್ಲವನ್ನೂ ವ್ಯಾನಿಗೆ ತುಂಬುತ್ತಿದ್ದೆವು. ಹಿಂದಿನ ದಿನವೇ ಬೆಂಗಳೂರಿಗೆ ಹೋಗಿದ್ದ ಕಾಳಿಯಪ್ಪನ್ ವಿಮಾನ ನಿಲ್ದಾಣದಿಂದ ಫೋನ್ ಮಾಡಿದ. ಆರು ದಾಟಿತ್ತು.

"ಅಣ್ಣೇ, ತಂಬಿ ಬರಲಿಲ್ಲ."

"ಸರಿಯಾಗಿ ನೋಡು. ದಪ್ಪ ಆಗಿರ್ತಾನೆ."

"ದಪ್ಪ ಇರೋರ್ನೆಲ್ಲ ಕೇಳ್ಬಿಟ್ಟೆ ಅಣ್ಣೇ. ಒಬ್ರು ಬಯ್ದ್ರು."

ಅಶ್ವತ್ಥನ ಫೋನಿಗೆ ಮಾಡಿದರೆ ಅದು ಸತ್ತಂತೆ ಬಿದ್ದಿತ್ತು. ಅಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡು ವ್ಯಾನಿನ ಮೆಟ್ಟಿಲ ಮೇಲೆ ಕುಸಿದಳು. "ಇಳಿಜಾರು ಇಳಿಜಾರು ಅಂದ್ಯಲ್ಲಪ್ಪಾ! ಬ್ರೇಕ್ ಇಡೀಲಿಲ್ವೇನೋ!"

ಯಜಮಾನರು ಅಲ್ಲಿನ ಅಧಿಕಾರಿಗೆ ಫೋನ್ ಕೊಡುವಂತೆ ಕಾಳಿಯಪ್ಪನಿಗೆ ಹೇಳಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಆ ಕಡೆಯಿಂದ ಒಬ್ಬಳು ಹುಡುಗಿ ಸಕ್ಕರೆಯಂಥ ಕನ್ನಡದಲ್ಲಿ ಮಾತಾಡಿದಳು.

"ಸರ್, ಆ ವಿಮಾನ ಎಂಟೂವರೆಗೆ ಬರುತ್ತೆ. ಆನ್ ಟೈಮ್ ಇದೆ."

"ಆರಕ್ಕೆ ಬರಬೇಕಾದ್ದು ಎಂಟೂವರೆಗೆ ಬಂದ್ರೆ ಅದು ಆನ್ ಟೈಮಾಮ್ಮಾ?"

"ಸರ್, ಅದರ ಸಮಯವೇ ಎಂಟೂವರೆ."

"ನೋಡಮ್ಮಾ, ನಾನೂ ಈ ಲೈನಲ್ಲೇ ಇರೋನು. ಡ್ರೈವರ್‌ನ ಕಾಪಾಡೋಕೆ ನಾವೂ ಇಂಗೇ ಮಾತಾಡ್ತೀವಿ. ನಿಜ ಯೋಳು. ಎಲ್ಲಿ ನಿಲ್ಲಿಸಿದ್ರು? ಟೀಗಾ?"

ಆ ಹುಡುಗಿ "ಸರ್, ಧನ್ಯವಾದಗಳು" ಎಂದು ಫೋನನ್ನು ಕಾಳಿಯಪ್ಪನಿಗೆ ಹಿಂತಿರುಗಿಸಿದಳು.

"ಎರಡೂವರೆ ಗಂಟೆ ಲೇಟು!" ಎಂದು ಯಜಮಾನರು ನಮ್ಮೆಲ್ಲರ ಮುಂದೆ ಘೋಷಿಸಿದರು. "ಓಮಲೂರಲ್ಲಾಗಿದ್ರೆ ಪರ್ಮಿಟ್ಟೇ ಓಗ್ತಿತ್ತು."

ವ್ಯಾನ್ ಹೊರಟಿತು. ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಪೂಂಗೊಡಿ ತುಂಬ ಹೊತ್ತಿನಿಂದ ಏನೋ ಯೋಚಿಸುತ್ತಿದ್ದಳು. ಕೊನೆಗೆ ಮುಂದಕ್ಕೆ ಬಗ್ಗಿದಳು.

"ಅಣ್ಣಾ, ತಪ್ಪಾ ನಿನೈಕ್ಕಾದೀಂಗ. ತಪ್ಪು ತಿಳ್ಕೋಬ್ಯಾಡಿ. ಎರಡು ಕಡೇನೂ ಕಳೆದುಬಿಟ್ರಾ?"

"ಏನು ಕಳೆಯೋದು?"

"ಬಿಡೋ ಟೈಮು ಅವರ ಊರ್ದು. ಸೇರೋ ಟೈಮು ನಮ್ಮೂರ್ದು. ಎಂಟೂವರೆ ಅಂದ್ರೆ ನಮ್ಮ ಎಂಟೂವರೇನೇ. ನಾಲ್ಕೂವರೆಗೆ ಬಿಟ್ಟು ಎಂಟೂವರೆಗೆ ಬತ್ತದೆ. ನಾಲ್ಕು ಗಂಟೆ. ನಾನು ಅವತ್ತೇ ಯೋಳಿದ್ನಲ್ಲ."

ಓಮಲೂರಿನಿಂದ ಮೆಟ್ಟೂರಿನವರೆಗೆ ನಮ್ಮ ಯಜಮಾನರು ಬೆರಳು ಮಡಚಿ ಎಣಿಸುತ್ತಲೇ ಇದ್ದರು. ಅಣೆಕಟ್ಟು ಕಣ್ಣಿಗೆ ಬಿದ್ದಾಗ ಬೆರಳು ಬಿಚ್ಚಿದರು. "ಅದನ್ನ ಅವರು ಟಿಕೆಟ್ ಮೇಲೆ ಬರೀಬೇಕಾಗಿತ್ತು."

"ಬರ್ದವ್ರೆ ಅಣ್ಣಾ. ಕೆಳಗಡೆ."

ಕೊಳತ್ತೂರಿನ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಹೊಸ ಲೆಕ್ಕ ಹಾಕಿದೆ. ಎಂಟೂವರೆಗೆ ಇಳಿದು, ಹೊರಗೆ ಬರಲು ಒಂದು ಗಂಟೆ, ದಾರಿ ಐದು ಗಂಟೆ. ಹನ್ನೆರಡರೊಳಗೆ ನನ್ನ ತಮ್ಮ ಬರುವುದು ಸಾಧ್ಯವಿರಲಿಲ್ಲ. ನಾಲ್ಕು ದಿನದ ರಜೆಗೆ ಅವನು ಎಷ್ಟು ಜನರ ಕೈಕಾಲು ಹಿಡಿದಿದ್ದನೋ, ಈಗ ಅವನ ಹಕ್ಕು ಬೇರೆಯವರದಾಗುವುದರಲ್ಲಿತ್ತು. ವಾಣಿ ನನ್ನ ಬಳೆ ಕಚ್ಚುತ್ತ ಕೂತಿದ್ದಳು.

ಗುಡಿಯ ಮುಂದೆ, ಇಳಿಜಾರಿನ ವಿಮಾನದ ಕೆಳಗೆ, ರೇಷ್ಮೆ ಪಂಚೆ ಉಟ್ಟು ಪುಟ್ಟಪ್ಪಣ್ಣ ನಿಂತಿದ್ದ. ವಿಷಯ ಕೇಳಿ ಮುಖದಲ್ಲಿ ದುಃಖವನ್ನು ತಂದುಕೊಳ್ಳಲು ಅವನು ಪಟ್ಟ ಕಷ್ಟ ನೋಡುವಂತಿತ್ತು.

"ಅಯ್ಯೋ ಪಾಪ. ಉಡುಗ ಆಸೆ ಪಟ್ಟಿದ್ದ" ಎಂದ. ಹೇಳುತ್ತಲೇ ಆಸಾರಿ ಹಾಕಿದ್ದ ಮಣೆಯ ಮೇಲೆ ಕೂತು, ಪಂಚೆ ಸರಿಮಾಡಿ, ಮಡಿಲು ತಟ್ಟಿಕೊಂಡ. "ಬಾ ಬಂಗಾರಿ, ಮಾಮ ಇಲ್ಲೇ ಅವ್ನೆ."

"ಅಣ್ಣಾ, ಸ್ವಲ್ಪ ಕಾಯೋಣ" ಎಂದೆ.

"ಕಾಯೋದಾ?" ಮಾವನವರು ಕರೆಯೋಲೆ ಎತ್ತಿ ಹಿಡಿದರು. "ಹತ್ತೂವರೆಯಿಂದ ಹನ್ನೆರಡು. ಅಚ್ಚಾಗೈತೆ ಇಲ್ಲಿ! ಎಂಬತ್ತು ಜನ ಬಂದವ್ರೆ. ಟೈಮ್ ಅಂದ್ರೆ ಟೈಮ್. ಏನ್ಲಾ ಗೋವಿಂದು, ನೀನೇ ಯೋಳು."

ಯಜಮಾನರು ತಮ್ಮ ಜೀವನದಲ್ಲಿ ಮೊದಲ ಸಲ ಹೊತ್ತಿನ ಬಗ್ಗೆ ಅಭಿಪ್ರಾಯವಿಲ್ಲದೆ ನಿಂತರು.

ಆಸಾರಿ ಕುಪ್ಪುಸ್ವಾಮಿ ಸೂಜಿಯನ್ನು ದೀಪಕ್ಕೆ ಹಿಡಿದು ಕಾಯಿಸತೊಡಗಿದ. ವಾಲಗದವರು ಡೋಲು ಬಿಗಿದರು. ನೆಂಟರೆಲ್ಲ ನನ್ನತ್ತ ನೋಡಿದರು. ನಾನು ವಾಣಿಯನ್ನು ಎತ್ತಿಕೊಂಡು ಗುಡಿಯ ಹಿಂದಿನ ಹುಣಸೆಮರದ ಕೆಳಗೆ ಹೋಗಿ ಸೆರಗಿನೊಳಗೆ ಹಾಕಿಕೊಂಡೆ. ಬೆಳಗಿನ ಜಾವ ಎದ್ದಿದ್ದ ಮಗು. ಬೆನ್ನು ತಟ್ಟಿದೆ. ಅವಳ ಕಣ್ಣು ತೇಲಿದವು, ಮುಚ್ಚಿದವು.

ಕರೆಯಲು ಬಂದ ಪುಟ್ಟಪ್ಪಣ್ಣನ ಹೆಂಡತಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. "ಮಲಗವ್ಳೆ. ಮಲಗಿರೋ ಮಗೂಗೆ ಕಿವಿ ಚುಚ್ಚಬಾರದಲ್ಲಾ ಅತ್ತಿಗೆ."

ಅಂಥದೊಂದು ಶಾಸ್ತ್ರ ಆ ಗಳಿಗೆಯವರೆಗೆ ಭೂಮಿಯ ಮೇಲೆ ಇರಲಿಲ್ಲ. ಆದರೆ ಅದು ಹುಣಸೆಮರದಿಂದ ಹಂದರದವರೆಗೆ ಹೋಗುವಷ್ಟರಲ್ಲಿ ನೂರು ವರ್ಷದ್ದಾಗಿತ್ತು.

"ಚುಚ್ಚಬಾರದು, ಚುಚ್ಚಬಾರದು" ಎಂದು ಒಬ್ಬ ಅಜ್ಜಿ ತಲೆಯಾಡಿಸಿದಳು. "ನಮ್ಮ ಕಾಲದಲ್ಲೂ ಅಂಗೇ." "ಮಗೂಗೆ ಬೆಚ್ಚಿಬೀಳೋ ಕಾಯ್ಲೆ ಬಂದ್ಬುಡ್ತದೆ" ಎಂದಳು ಮತ್ತೊಬ್ಬಳು. ಕರೆಯೋಲೆ ಹಿಡಿದಿದ್ದ ಮಾವನವರು ಕೂಡ, ಇದು ತಮಗೆ ಗೊತ್ತಿಲ್ಲವೆಂದರೆ ಹಿರಿತನಕ್ಕೆ ಕುಂದೆಂದು, "ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದರು.

ಪುಟ್ಟಪ್ಪಣ್ಣ ಮಣೆಯಿಂದಲೇ ಕೂಗಿದ. "ಯಾವೂರ ಶಾಸ್ತ್ರ ಅದು?"

"ನಮ್ಮೂರ್ದು!" ಎಂದಳು ನನ್ನ ಅಮ್ಮ. "ನಿಂಗೆ ಚುಚ್ಚೋವಾಗ ನೀನು ಮಲಗಿದ್ದೆ. ಬ್ಯಾಡ ಅಂದೆ, ನಿಮ್ಮಪ್ಪ ಕೇಳ್ಲಿಲ್ಲ. ಈಗ ನೋಡು ಎಂಗಾಗಿದ್ದೀಯ. ಮೆಲ್ಲುಕೆ ಮಾತಾಡು!"

ಅಲ್ಲಿಂದ ಹನ್ನೆರಡರವರೆಗೆ ಎಂಬತ್ತು ಜನ ಪಿಸುಗುಟ್ಟಿದರು. ಪಿಸುಮಾತು ನಮ್ಮ ಜನಕ್ಕೆ ಅಭ್ಯಾಸವಿಲ್ಲ. ವಾಲಗದವನು ನಾದಸ್ವರವನ್ನು ಬಾಯಿಗಿಟ್ಟು ಊದದೆ ಕೂತ. ಅಡುಗೆಯವರು ಹಪ್ಪಳವನ್ನು ಸದ್ದಾಗದಂತೆ ಕರಿಯಲು ನೋಡಿ ಸೋತು ಕೈಬಿಟ್ಟರು. ಇಬ್ಬರು ಷಡ್ಡಕರು ಜಮೀನಿನ ಬದುವಿನ ವಿಷಯಕ್ಕೆ ಜಗಳ ಶುರು ಮಾಡಿ, ಪಿಸುದನಿಯಲ್ಲಿ ಜಗಳವಾಡಲು ಬಾರದೆ ರಾಜಿಯಾದರು. ನನ್ನ ತೊಡೆ ಜೋಮು ಹಿಡಿದಿತ್ತು. ನಾನು ಅಲುಗಲಿಲ್ಲ.

ಹನ್ನೆರಡು ಹೊಡೆಯಿತು. ವಾಣಿ ಎದ್ದು, ಆಕಳಿಸಿ, ನಕ್ಕಳು.

"ಇನ್ನು ಯಮಗಂಡ" ಎಂದ ಕುಪ್ಪುಸ್ವಾಮಿ ಆಸಾರಿ. "ಇನ್ನೊಂದು ನಲ್ಲ ನೇರಂ, ಒಳ್ಳೆ ಟೈಮು, ಮೂರೂಕಾಲಕ್ಕೆ. ನಾಲ್ಕೂಕಾಲಕ್ಕೆ ಮುಗೀತು. ಅದಾದ್ಮೇಲೆ ನಾನು ಕೈ ಮುಟ್ಟೋದಿಲ್ಲ." ಅವನಿಗೆ ಎರಡು ಸಲ ಪಾಯಸ ಬಡಿಸಿದೆ. ಬೇರೆ ಊರಲ್ಲಿ ಕೆಲಸವಿದೆ ಎನ್ನುತ್ತಿದ್ದವನು ಆ ಮಾತು ಮತ್ತೆ ಎತ್ತಲಿಲ್ಲ.

ಊಟಕ್ಕೆ ಎಲ್ಲರೂ ಎದ್ದರು, ಪುಟ್ಟಪ್ಪಣ್ಣನೊಬ್ಬನನ್ನು ಬಿಟ್ಟು. ಎದ್ದರೆ ಜಾಗ ಹೋಗುತ್ತದೆಂದು ಅವನು ಮಣೆಯ ಮೇಲೆಯೇ ಎಲೆ ಹಾಕಿಸಿಕೊಂಡು ಉಂಡ, ಅಲ್ಲೇ ಕೈ ತೊಳೆದ, ಅಲ್ಲೇ ಎಲೆ ಅಡಿಕೆ ಹಾಕಿಕೊಂಡ. ಕೂತಲ್ಲೇ ಗೊರಕೆಯನ್ನೂ ಹೊಡೆದ.

ಮೂರೂಕಾಲಾಯಿತು. ಕಾರು ಬರಲಿಲ್ಲ. ಮೂರೂವರೆ ಆಯಿತು. ಯಜಮಾನರು ರಸ್ತೆಯ ನಡುವೆ ನಿಂತಿದ್ದರು. "ಎಷ್ಟೊತ್ತಿಗೆ ಬತ್ತಾನಪ್ಪಾ?" ಎಂದು ಯಾರೋ ಅಭ್ಯಾಸಬಲದಿಂದ ಅವರನ್ನು ಕೇಳಿದರು. ಅವರು ರಸ್ತೆಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತರು. ಇನ್ನು ಐದು ನಿಮಿಷ ಕಳೆದ ಮೇಲೆ ಧೂಳೆಬ್ಬಿಸಿಕೊಂಡು ಕಾಳಿಯಪ್ಪನ ಕಾರು ಬಂತು. ಗಡ್ಡ ಬೆಳೆದ, ನಿದ್ದೆಗೆಟ್ಟ, ದಪ್ಪಗಾದ ನನ್ನ ತಮ್ಮ ಇಳಿದ. ಅಮ್ಮನ ಕಾಲು ಮುಟ್ಟಿದ. ಕೈ ಚಾಚಿ ವಾಣಿಯತ್ತ ಓಡಿ ಬಂದ.

ವಾಣಿ ಅವನನ್ನು ಒಮ್ಮೆ ನೋಡಿದಳು. ನೋಡಿದವಳೇ ಇಡೀ ಕೊಳತ್ತೂರಿಗೆ ಕೇಳುವಂತೆ ಕಿರುಚಿದಳು. ಅವನು ಒಂದು ಹೆಜ್ಜೆ ಮುಂದಿಟ್ಟರೆ ನನ್ನ ಕೊರಳನ್ನು ಹಿಸುಕುವಂತೆ ಅಪ್ಪಿ ನೀಲಿಗಟ್ಟಿದಳು. ಬಲೂನು ತೋರಿಸಿದರು, ಬಾಳೆಹಣ್ಣು ತೋರಿಸಿದರು, ಕಾಳಿಯಪ್ಪನ್ ಕೋತಿಯಂತೆ ಕುಣಿದ. ಅಶ್ವತ್ಥ್ ಹತ್ತು ಅಡಿ ದೂರದಲ್ಲಿ ಕೈ ಇಳಿಬಿಟ್ಟು ನಿಂತ. ಎರಡು ಸಾವಿರದ ಒಂಬೈನೂರು ಕಿಲೋಮೀಟರ್ ಹಾರಿ ಬಂದವನಿಗೆ ಈ ಹತ್ತು ಅಡಿ ದಾಟಲು ಬರಲಿಲ್ಲ.

"ಅಕ್ಕಾ, ನನ್ನ ಗುರ್ತೇ ಇಲ್ವಲ್ಲಾ ಅವ್ಳಿಗೆ" ಎಂದ. "ದಿನಾ ನೋಡ್ತಾಳಲ್ಲ!"

ದಿನಾ ನೋಡುತ್ತಿದ್ದಳು, ನಿಜ. ಅಂಗೈಯಗಲದ ಮಾಮನನ್ನು. ಫೋನಿನೊಳಗೆ ಇರುವವನನ್ನು. ಇಷ್ಟು ದೊಡ್ಡ ದೇಹವೂ ಕಾಲೂ ಇರುವ ಮಾಮನನ್ನು ಅವಳೆಲ್ಲಿ ನೋಡಿದ್ದಳು?

"ಅಶ್ವತ್ಥು, ಆ ಮರದ ಹಿಂದೆ ಓಗು" ಎಂದೆ. "ವಿಡಿಯೋ ಕಾಲ್ ಮಾಡು."

"ಅಲ್ಲಿನ ಸಿಮ್ ಅಕ್ಕಾ. ಇಲ್ಲಿ ಸತ್ತು ಬಿದ್ದೈತೆ."

ಆಗ ಯಾರೂ ನಿರೀಕ್ಷಿಸದ್ದು ನಡೆಯಿತು. ಬೆಳಗಿನಿಂದ ಮಣೆ ಬಿಡದಿದ್ದ ಪುಟ್ಟಪ್ಪಣ್ಣ ಎದ್ದ. ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಹೋಗಿ ತನ್ನ ಫೋನನ್ನು ಅಶ್ವತ್ಥನ ಕೈಯಲ್ಲಿಟ್ಟ. "ಇಡ್ಕೊಳೋ. ಟವರ್ ಚೆನ್ನಾಗೈತೆ. ಮಗಾ ಅಂಗೆ ಅಳೋದ ನೋಡೋಕಾಗಲ್ಲ."

ನನ್ನ ಕೈಯ ಫೋನು ಸದ್ದು ಮಾಡಿತು. ತೆರೆಯಲ್ಲಿ ಅಶ್ವತ್ಥನ ಮುಖ. ವಾಣಿಯ ಅಳು ಅರ್ಧಕ್ಕೆ ನಿಂತಿತು. "ಏನೋ ಚಿನ್ನಿ" ಎಂದಿತು ಫೋನು. ಅವಳು ಬಾಯಿ ಅಗಲಿಸಿ ನಕ್ಕು ತೆರೆಯನ್ನು ತಟ್ಟಿದಳು. ಮರದ ಹಿಂದಿನಿಂದ ಅಶ್ವತ್ಥ್ ಮುಖದ ಮುಂದೆ ಫೋನ್ ಹಿಡಿದುಕೊಂಡೇ ಹೊರಗೆ ಬಂದ. ಒಂದು ಹೆಜ್ಜೆ. ನಿಂತ. ಇನ್ನೊಂದು ಹೆಜ್ಜೆ. ಅವನಿಗೆ ದಾರಿ ಕಾಣದು. ಪುಟ್ಟಪ್ಪಣ್ಣ ತೋಳು ಹಿಡಿದು, "ಕಲ್ಲು ಐತೆ, ಎಡಕ್ಕೆ ಬಾ" ಎಂದು ಪಿಸುಗುಟ್ಟುತ್ತ ನಡೆಸಿದ. ಎಂಬತ್ತು ಜನ ಉಸಿರು ಬಿಗಿಹಿಡಿದು ನೋಡಿದರು.

"ಯಾರಾದ್ರೂ ಟೈಮ್ ನೋಡ್ರಪ್ಪಾ" ಎಂದ ಕುಪ್ಪುಸ್ವಾಮಿ ಆಸಾರಿ ಸೂಜಿ ಹಿಡಿದುಕೊಂಡು. "ನಾಲ್ಕೂಕಾಲು ಆಯ್ತಾ? ಆದ್ರೆ ನಾನು ಒಲ್ಲೆ."

ಎಲ್ಲರೂ ನಮ್ಮ ಯಜಮಾನರತ್ತ ತಿರುಗಿದರು. ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಗಡಿಯಾರ ಕಟ್ಟಿದ್ದ ಕೈ. ಅದನ್ನು ಮುಂದೆ ತರಲೇ ಇಲ್ಲ.

"ಟೈಮ್ ಐತೆ" ಎಂದರು. "ಅವ್ಳು ಬರೋಗಂಟ ಟೈಮ್ ಐತೆ."

ಟೈಮ್ ಕೀಪರ್ ಹೇಳಿದ ಮೇಲೆ ಆಸಾರಿಗೆ ಎದುರಾಡುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅಶ್ವತ್ಥ್ ನಮ್ಮ ಮುಂದೆ ಬಂದು ಮಂಡಿಯೂರಿದ್ದ. ಫೋನನ್ನು ಒಂದಿಷ್ಟು ಕೆಳಗಿಳಿಸಿದ, ಹಣೆ ಕಂಡಿತು. ಇನ್ನೊಂದಿಷ್ಟು, ಕಣ್ಣು. ವಾಣಿ ತೆರೆಯನ್ನು ನೋಡಿದಳು, ಅವನನ್ನು ನೋಡಿದಳು. ಮತ್ತೆ ತೆರೆಯನ್ನು ನೋಡಿದಳು. ಕೈ ಚಾಚಿ ಅವನ ಮೂಗನ್ನು ಹಿಡಿದು ಎಳೆದಳು. ಅದು ಕೈಗೆ ಸಿಕ್ಕಿತು. ಅವಳಿಗೆ ಬಹಳ ಆಶ್ಚರ್ಯವಾಯಿತು.

ಪುಟ್ಟಪ್ಪಣ್ಣ ತನ್ನ ಶಲ್ಯದಿಂದ ಮಣೆ ಒರೆಸಿದ. ಅಶ್ವತ್ಥ್ ಕೂತ. ನಾನು ಮಗಳನ್ನು ಅವನ ಮಡಿಲಲ್ಲಿ ಇಟ್ಟೆ. ವಾಲಗದವರು ಬೆಳಗಿನಿಂದ ಹಿಡಿದಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟರು.

ಸೂಜಿ ಒಂದು ಕಿವಿ ದಾಟಿತು. ಇನ್ನೊಂದನ್ನೂ ದಾಟಿತು. ವಾಣಿ ಚೀರಿದಳು, ಎಲ್ಲ ಮಕ್ಕಳಂತೆ. ನಾನು ಎರಡೂ ಕೈ ಚಾಚಿ "ಬಾ ಕಂದಾ, ಬಾ" ಎಂದೆ. ಅವಳು ನೀರು ತುಂಬಿದ ಕಣ್ಣಿನಿಂದ ನನ್ನನ್ನು ನೋಡಿ, ಆಚೆ ತಿರುಗಿ, ಮಾಮನ ಅಂಗಿಯ ಗುಂಡಿ ಹಿಡಿದುಕೊಂಡು ಅವನ ಎದೆಯೊಳಗೆ ಮುಖ ಹುದುಗಿಸಿದಳು. ಆಮೇಲೆ ಎಷ್ಟು ಕರೆದರೂ ನನ್ನ ಹತ್ತಿರ ಬರಲಿಲ್ಲ.